ಅವ್ವನ ತಟ್ಟೆಯಲ್ಲಿ ಏನಿತ್ತು?

ನನ್ನ ಅವ್ವ ಏನು ಉಣ್ಣುತ್ತಿದ್ದಳು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಏನು ಬಡಿಸುತ್ತಿದ್ದಳು ಎಂದು ಕೇಳಿ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಹುರುಳಿಕಾಳಿನ ಬಸ್ಸಾರು, ಮಳೆಗಾಲ ಹಿಡಿದರೆ ಬೆರಕೆ ಸೊಪ್ಪಿನ ಮಸ್ಸೊಪ್ಪು, ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ, ಹಬ್ಬ ಮುಗಿದ ಮಾರನೆಯ ದಿನ ಕೋಳಿಸಾರು. ಬಿಸಿ ಮುದ್ದೆಯ ಮೇಲೆ ಉಳಿಯುತ್ತಿದ್ದ ಅವಳ ಅಂಗೈ ಗುರುತು ಕೂಡ ನೆನಪಿದೆ. ಅವಳ ತಟ್ಟೆ ಮಾತ್ರ ನೆನಪಿಗೆ ಬರುವುದಿಲ್ಲ. ಹದಿನೆಂಟು ವರ್ಷ ಅದೇ ಅಡುಗೆಮನೆಯ ನೆಲದ ಮೇಲೆ ಎರಡು ಹೊತ್ತು ಉಂಡವನು ನಾನು. ಅವಳು ತಟ್ಟೆ ಮುಂದಿಟ್ಟುಕೊಂಡು ಕೂತದ್ದನ್ನು ಒಂದು ದಿನವೂ ಸರಿಯಾಗಿ ನೋಡಲಿಲ್ಲ. ನಾವೆಲ್ಲ ಕೈ ತೊಳೆದು ಜಗುಲಿಗೆ ಬಂದ ಮೇಲೆ ಒಳಗಿನಿಂದ ಪಾತ್ರೆಯ ತಳ ಕೆರೆಯುವ ಸದ್ದು ಕೇಳುತ್ತಿತ್ತು. ಅದು ಅವ್ವನ ಊಟದ ಸದ್ದು.

ಈ ಮಾತನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಆ ಸದ್ದು ಇನ್ನೂ ನಿಂತಿಲ್ಲ. ನಿಮ್ಮ ಮನೆಯಲ್ಲೂ ಇವತ್ತು ರಾತ್ರಿ ಅದು ಕೇಳಬಹುದು.

ಬಸ್ಸಾರು ಮಾಡುವ ಕ್ರಮ ಹಳೇ ಮೈಸೂರು ಕಡೆಯವರಿಗೆ ಹೇಳಬೇಕಿಲ್ಲ. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ನೀರು ಬಸಿಯುತ್ತೇವೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಕಾಯಿತುರಿ ಉದುರಿಸಿದರೆ ಪಲ್ಯ. ಜೊತೆಗೆ ಮುದ್ದೆ. ಬಡವರ ಊಟ ಎಂದು ಒಂದು ಕಾಲದಲ್ಲಿ ಮೂಗು ಮುರಿಸಿಕೊಂಡ ಈ ಊಟವನ್ನು ಇವತ್ತು ಲೆಕ್ಕ ಹಾಕಿ ನೋಡಿದರೆ ಬೆರಗಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರೈವತ್ತು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತು ಗ್ರಾಂ ದಾಟಿದ ಪ್ರೋಟೀನು, ಜೊತೆಗೆ ಕಬ್ಬಿಣ. ಧಾನ್ಯದ ಪ್ರೋಟೀನಿನಲ್ಲಿ ಏನು ಕೊರತೆಯೋ ಅದನ್ನು ಕಾಳು ತುಂಬುತ್ತದೆ, ಕಾಳಿನಲ್ಲಿ ಏನು ಕೊರತೆಯೋ ಅದನ್ನು ಧಾನ್ಯ ತುಂಬುತ್ತದೆ. ಸೊಪ್ಪಿನಿಂದ ಫೋಲಿಕ್ ಆಮ್ಲ, ಎ ಜೀವಸತ್ವ. ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಂಡರೆ ಅದರ ಸಿ ಜೀವಸತ್ವ ಸೊಪ್ಪುಕಾಳಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಆಹಾರ ತಜ್ಞರು ಕೂತು ಯೋಚಿಸಿದರೂ ಇದಕ್ಕಿಂತ ಚೆನ್ನಾದ ಊಟ ಹೊಳೆಯುವುದು ಕಷ್ಟ.

ಆದರೆ ಈ ಹದವೆಲ್ಲ ಇರುವುದು ಒಲೆಯ ಮೇಲಿನ ಪಾತ್ರೆಯಲ್ಲಿ. ಪಾತ್ರೆಯಿಂದ ತಟ್ಟೆಗೆ ಬರುವ ಹಾದಿಯಲ್ಲಿ ಏನಾಗುತ್ತದೆ ನೋಡಿ. ಮೊದಲು ಕೂತ ಗಂಡಸರಿಗೆ, ಮಕ್ಕಳಿಗೆ ಪಲ್ಯ ಬೀಳುತ್ತದೆ. ‘ಇನ್ನೊಂಚೂರು ಹಾಕ್ಲಾ?’ ಎಂದು ಕೇಳಿ ಎರಡನೆಯ ಸಲವೂ ಬೀಳುತ್ತದೆ. ಅತ್ತೆ ಮಾವನದು ಆಗುತ್ತದೆ. ಬಡಿಸಿದವಳು ಕೂರುವ ಹೊತ್ತಿಗೆ ಪಲ್ಯದ ಪಾತ್ರೆಯಲ್ಲಿ ನಾಲ್ಕು ಕಾಳು, ಒಂದು ಒಣಮೆಣಸಿನಕಾಯಿ ಉಳಿದಿರುತ್ತವೆ. ಸಾರಿಗೆ ನೀರು ಸೇರಿಸಬಹುದು, ಪಲ್ಯಕ್ಕೆ ನೀರು ಸೇರಿಸಲು ಆಗುವುದಿಲ್ಲ. ಹಾಗಾಗಿ ಅವಳಿಗೆ ಮುದ್ದೆ ಸಿಗುತ್ತದೆ, ತೆಳ್ಳನೆಯ ಸಾರು ಸಿಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಕಾಳು, ಸೊಪ್ಪು ಸಿಗುವುದಿಲ್ಲ. ಒಂದೇ ಒಲೆಯಲ್ಲಿ ಬೆಂದ ಒಂದೇ ಅಡುಗೆ ಮೊದಲು ಕೂತವರಿಗೆ ಸಮತೋಲನದ ಊಟ, ಕೊನೆಗೆ ಕೂತವಳಿಗೆ ಬರೀ ಹಿಟ್ಟು, ನೀರು. ಉತ್ತರ ಕರ್ನಾಟಕದಲ್ಲಿ ಮುದ್ದೆಯ ಜಾಗದಲ್ಲಿ ರೊಟ್ಟಿ ಇರುತ್ತದೆ, ಕರಾವಳಿಯಲ್ಲಿ ಕುಚ್ಚಲಕ್ಕಿ ಅನ್ನ ಇರುತ್ತದೆ. ಬಡಿಸುವ ಸರದಿ ಮಾತ್ರ ಬಹಳ ಮನೆಗಳಲ್ಲಿ ಇದೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗೆಂದು ಆಹಾರದ ಮಾರ್ಗಸೂಚಿ ಹೊರಡಿಸಿತು. ಎರಡು ಸಾವಿರ ಕ್ಯಾಲರಿಯ ದಿನವೊಂದಕ್ಕೆ ಅವರು ಕೊಟ್ಟ ಲೆಕ್ಕ ಹೀಗಿದೆ: ಧಾನ್ಯ 250 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಬೇಳೆಕಾಳು 85 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿಲಿಲೀಟರು, ಜೊತೆಗೆ ಒಂದಿಷ್ಟು ಕಡಲೆಬೀಜ, ಎಳ್ಳಿನಂಥ ಬೀಜಗಳು, ಹಿತಮಿತವಾಗಿ ಎಣ್ಣೆ. ಮಾಂಸ ಮೊಟ್ಟೆ ತಿನ್ನುವವರು ಬೇಳೆಕಾಳಿನ ಒಂದು ಪಾಲನ್ನು ಅದರಲ್ಲಿ ತುಂಬಿಕೊಳ್ಳಬಹುದು. ಈ ಪಟ್ಟಿಯನ್ನು ಗೋಡೆಗೆ ಅಂಟಿಸುವುದು ಸುಲಭ. ಒಮ್ಮೆ ಅಳೆದು ನೋಡುವುದು ಮೇಲು. ಐದು ಜನರ ಮನೆಗೆ ದಿನಕ್ಕೆ ನಾನೂರು ಗ್ರಾಂ ದಾಟಿ ಬೇಳೆಕಾಳು ಬೇಕು. ನಿಮ್ಮ ಮನೆಯಲ್ಲಿ ಸಾರಿಗೆ ಎಷ್ಟು ಬೇಳೆ ಹಾಕುತ್ತಾರೆ ಎಂದು ಕೇಳಿ. ಬಹಳ ಮನೆಗಳಲ್ಲಿ ಇದರ ಅರ್ಧವೂ ಆಗುವುದಿಲ್ಲ. ಮೊದಲೇ ಸಾಲದ್ದು, ಅದರಲ್ಲಿ ಕೊನೆಯವಳ ಪಾಲು ಎಷ್ಟು?

ಇನ್ನೂ ಕಟುವಾದ ಸಂಗತಿ ಇದೆ. ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕು, ಹೆಂಗಸಿಗೆ 29 ಮಿಲಿಗ್ರಾಂ ಬೇಕು ಎಂದು ಅದೇ ಸಂಸ್ಥೆ 2020ರಲ್ಲಿ ಹೇಳಿದೆ. ತಿಂಗಳು ತಿಂಗಳು ಮುಟ್ಟಿನಲ್ಲಿ ಹೋಗುವ ರಕ್ತವನ್ನು ಮೈ ಮತ್ತೆ ಕಟ್ಟಿಕೊಳ್ಳಬೇಕಲ್ಲ. ಸಾಮಾನ್ಯವಾಗಿ ಗಂಡಸಿಗಿಂತ ಚಿಕ್ಕ ಮೈ, ಕಡಿಮೆ ಊಟ, ಆದರೆ ಹತ್ತು ಮಿಲಿಗ್ರಾಂ ಹೆಚ್ಚು ಕಬ್ಬಿಣ. ಎಂದರೆ ಅವಳ ತಟ್ಟೆಯಲ್ಲಿ ಸೊಪ್ಪು, ಕಾಳು, ಮೊಟ್ಟೆ, ಮಾಂಸ ಗಂಡಸಿನ ತಟ್ಟೆಗಿಂತ ಹೆಚ್ಚೇ ಇರಬೇಕು. ನಾವು ಬಡಿಸುವ ಕ್ರಮ ಇದಕ್ಕೆ ಸರಿಯಾಗಿ ತಿರುಗುಮುರುಗು. ಕೋಳಿಸಾರು ಮಾಡಿದ ದಿನ ಕಾಲಿನ ತುಂಡು ಯಾರಿಗೆ, ಈಲಿ ಯಾರಿಗೆ, ಕತ್ತು ಮತ್ತು ರಸ ಯಾರಿಗೆ ಎಂದು ನೆನಪಿಸಿಕೊಳ್ಳಿ.

ಇದರ ಫಲ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8ರಷ್ಟು ಜನರಿಗೆ ರಕ್ತಹೀನತೆ. ಗಂಡಸರಲ್ಲಿ ಹೆಚ್ಚು ಕಡಿಮೆ ಐದರಲ್ಲಿ ಒಬ್ಬರಿಗೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಕ್ಕಳಿಗೆ. ಐದು ವರ್ಷದೊಳಗಿನ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅರ್ಧದಷ್ಟು ಹೆಂಗಸರು! ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಎಲ್ಲದಕ್ಕೂ ಸಿಡುಕು. ನಾವು ಅದಕ್ಕೆ ‘ಅವಳ ಸ್ವಭಾವವೇ ಅಷ್ಟು’ ಎನ್ನುತ್ತೇವೆ.

ನನ್ನ ಅಕ್ಕನ ಎರಡನೆಯ ಹೆರಿಗೆಯ ಹೊತ್ತಿನಲ್ಲಿ ಅವಳ ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗಿತ್ತು. ಬಸುರಿಗೆ ಹನ್ನೊಂದಾದರೂ ಇರಬೇಕು. ಆಸ್ಪತ್ರೆಯಲ್ಲಿ ‘ರಕ್ತ ಕಮ್ಮಿ ಇದೆ, ಎರಡು ಬಾಟ್ಲಿಗೆ ಜನ ರೆಡಿ ಮಾಡಿ’ ಎಂದರು. ಭಾವ, ನಾನು, ನನ್ನ ತಮ್ಮ, ಭಾವನ ಅಣ್ಣ, ನಾಲ್ಕು ಜನ ತೋಳು ಮಡಚಿಕೊಂಡು ಸಾಲಾಗಿ ನಿಂತೆವು. ನಮ್ಮ ಮುಖದಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು. ಇವತ್ತು ಆ ಸಾಲು ನೆನಪಾದರೆ ತಲೆ ತಗ್ಗುತ್ತದೆ. ರಕ್ತ ಕೊಡಲು ನಾಲ್ಕು ಜನ ಗಂಡಸರು ನಿಂತೆವು. ಅದಕ್ಕೂ ಮುಂಚಿನ ಒಂಬತ್ತು ತಿಂಗಳು ಅವಳ ತಟ್ಟೆಗೆ ಒಂದು ಸೌಟು ಪಲ್ಯ ಹಾಕಲು ನಮ್ಮಲ್ಲಿ ಒಬ್ಬರೂ ನಿಂತಿರಲಿಲ್ಲ. ಅಕ್ಕ ಉಳಿದಳು. ಎಲ್ಲರ ಅಕ್ಕಂದಿರೂ ಉಳಿಯುವುದಿಲ್ಲ.

ನಮಗೆ ಪೋಷಣೆಯ ವಿಷಯ ಗೊತ್ತಿಲ್ಲ, ಅದಕ್ಕೇ ಹೀಗೆ ಎಂದು ಯಾರೂ ಹೇಳಬೇಡಿ. ನಮ್ಮ ಕಡೆಯ ಹಾಲಿನ ಡೇರಿಯ ಮುಂದೆ ಬೆಳಗಿನ ಆರೂವರೆಗೆ ಹೋಗಿ ನಿಲ್ಲಿ. ಕ್ಯಾನು ಹಿಡಿದವರ ಬಾಯಲ್ಲಿ ಒಂದೇ ಮಾತು: ಫ್ಯಾಟು ಎಷ್ಟು ಬಂತು, ಡಿಗ್ರಿ ಎಷ್ಟು ಬಂತು. ಅದು ಸ್ವಲ್ಪ ಇಳಿದರೆ ಸಾಕು, ಹಸುವಿಗೆ ಏನು ಹಾಕಿದೆ, ಏನು ಬಿಟ್ಟೆ ಎಂದು ತಲೆ ಕೆಡಿಸಿಕೊಳ್ಳುತ್ತೇವೆ. ಹಸಿ ಮೇವು ಇಷ್ಟು, ಒಣ ಮೇವು ಇಷ್ಟು, ಬೂಸಾ ಇಷ್ಟು, ಹಿಂಡಿ ಇಷ್ಟು, ಜೊತೆಗೆ ಖನಿಜದ ಪುಡಿ. ಗಬ್ಬದ ಹಸುವಿಗೆ ಏಳು ತಿಂಗಳು ತುಂಬಿದರೆ ಹಾಲು ಬತ್ತಿಸಿ ಫೀಡು ಹೆಚ್ಚಿಸುತ್ತೇವೆ. ಕರು ಹಾಕಿದ ಮೇಲೆ ಇನ್ನೂ ಹೆಚ್ಚು. ಸಮತೋಲನದ ಆಹಾರ ಎಂದರೆ ಏನು ಎಂದು ನಮ್ಮ ರೈತರಿಗೆ ಪಾಠ ಹೇಳುವ ಅಗತ್ಯವೇ ಇಲ್ಲ. ಕೊಟ್ಟಿಗೆಯಲ್ಲಿ ಅದನ್ನು ದಿನಾ ಎರಡು ಹೊತ್ತು ಮಾಡಿ ತೋರಿಸುತ್ತಿದ್ದಾರೆ.

ಅದೇ ಮನೆಯ ಒಳಗೆ ಬನ್ನಿ. ಬಸುರಿ ಸೊಸೆಗೆ ‘ಜಾಸ್ತಿ ತಿಂದರೆ ಮಗು ದಪ್ಪ ಆಗುತ್ತೆ, ಹೆರಿಗೆ ಕಷ್ಟ’ ಎನ್ನುತ್ತಾರೆ. ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಎಂದು ಅದನ್ನು ಕಿಟಕಿಯ ಮೇಲೆ ಇಡಿಸುತ್ತಾರೆ. ಹೆತ್ತ ಮೇಲೆ ಬಾಣಂತಿಗೆ ಪಥ್ಯ: ಸೊಪ್ಪು ಶೀತ, ಹಣ್ಣು ಶೀತ, ಕಾಳು ವಾಯು, ಬದನೆಕಾಯಿ ನಂಜು, ನೀರು ಕೂಡ ಅಳೆದು ಕೊಡಬೇಕು. ಬಾಣಂತನದ ಕಾಳಜಿಯನ್ನು ನಾನು ಹಗುರ ಮಾಡುತ್ತಿಲ್ಲ. ಬಿಸಿನೀರಿನ ಸ್ನಾನ, ಮೆಂತ್ಯ, ತುಪ್ಪ, ಕೊಬ್ಬರಿ ಬೆಲ್ಲದ ಹಿಂದೆ ಎಷ್ಟೋ ತಾಯಂದಿರ ಪ್ರೀತಿ ಇದೆ. ಆದರೆ ಮಗುವಿಗೆ ಹಾಲೂಡುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ ಸುಮಾರು ಆರುನೂರು ಕ್ಯಾಲರಿ ಹೆಚ್ಚು ಬೇಕು. ಬಸುರಿಗೆ ಬೇಕಾದ ಹೆಚ್ಚುವರಿ ಮುನ್ನೂರೈವತ್ತಕ್ಕಿಂತಲೂ ಅದು ದೊಡ್ಡದು. ಕರು ಹಾಕಿದ ಹಸುವಿನ ಬಾಯಿಗೆ ಹಿಂಡಿ ಇಡುವ ಕೈ ಹೆತ್ತ ಸೊಸೆಯ ತಟ್ಟೆಯಿಂದ ಸೊಪ್ಪು ತೆಗೆಯುತ್ತದೆಯಲ್ಲ, ಇದನ್ನು ಯಾವ ಬಾಯಿಂದ ಅಜ್ಞಾನ ಎನ್ನಲಿ?

ಹೀಗೆ ಕಿತ್ತುಕೊಂಡದ್ದು ಅವಳೊಬ್ಬಳಲ್ಲೇ ಮುಗಿಯುವುದಿಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ಮೈಸೂರಿನಲ್ಲೇ ಸಿಕ್ಕಿತು. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ಹಿಂದಿನ ಕಾಲದ ಹೆರಿಗೆ ದಾಖಲೆಗಳನ್ನು ಜೋಪಾನ ಮಾಡಿ ಇಟ್ಟಿದ್ದರು. ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ ಎಲ್ಲ ಅದರಲ್ಲಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಅದೇ ಸುತ್ತಮುತ್ತ ಬದುಕಿದ್ದ 517 ಜನರನ್ನು ಸಂಶೋಧಕರು ಹುಡುಕಿ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಹುಟ್ಟುವಾಗ 3.1 ಕಿಲೋ ದಾಟಿದ್ದವರಲ್ಲಿ ನೂರಕ್ಕೆ ಮೂರು ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ ಹನ್ನೊಂದು. ಹಾಗೆ ಕಡಿಮೆ ತೂಕದಲ್ಲಿ ಹುಟ್ಟಿದವರ ತಾಯಿಯೂ ಬಸುರಿನಲ್ಲಿ 45 ಕಿಲೋಗಿಂತ ಕಡಿಮೆ ಇದ್ದಿದ್ದರೆ ನೂರಕ್ಕೆ ಇಪ್ಪತ್ತು.

ಆ ಕೊನೆಯ ಅಂಕಿಯನ್ನು ನಾನು ಎಷ್ಟು ಸಲ ಓದಿದ್ದೇನೋ. ಐವತ್ತು ವರ್ಷದ ಗಂಡಸು ಎದೆ ಹಿಡಿದುಕೊಂಡು ಆಸ್ಪತ್ರೆಗೆ ಬಂದಾಗ ಬೀಡಿ ಸೇದುತ್ತೀಯಾ, ಎಣ್ಣೆ ಜಾಸ್ತಿ ತಿನ್ನುತ್ತೀಯಾ ಎಂದು ಕೇಳುತ್ತಾರೆ, ಕೇಳಬೇಕಾದ್ದೇ. ಆದರೆ ಅವನು ಹೊಟ್ಟೆಯಲ್ಲಿದ್ದಾಗ ಅವನ ತಾಯಿ ಎಷ್ಟನೆಯವಳಾಗಿ ಉಣ್ಣಲು ಕೂರುತ್ತಿದ್ದಳು ಎಂದು ಕೇಳುವವರಿಲ್ಲ. ಸೊಸೆಯ ತಟ್ಟೆಯಿಂದ ಉಳಿಸಿದ ಒಂದು ಸೌಟು ಪಲ್ಯದ ಸಾಲ ಮೊಮ್ಮಗನ ಎದೆಯ ಮೇಲೆ ಬಂದು ಕೂರಬಹುದು. ವಂಶ, ಕುಲ, ಮನೆತನ ಎಂದು ಹಂಬಲಿಸುವ ಹಿರಿಯರು ಇದನ್ನು ದಯವಿಟ್ಟು ಕೇಳಿಸಿಕೊಳ್ಳಿ.

ಸರಕಾರ ಏನೂ ಮಾಡಿಲ್ಲವೆಂದಲ್ಲ. 1975ರ ಅಕ್ಟೋಬರ್ 2ರಂದು ಅಂಗನವಾಡಿ ಯೋಜನೆ ದೇಶದ 33 ಕಡೆ ಶುರುವಾದಾಗ ಅದರಲ್ಲಿ ನಮ್ಮ ತಿ. ನರಸೀಪುರವೂ ಒಂದು. 2017ರ ಅಕ್ಟೋಬರ್‌ನಲ್ಲಿ ಮಾತೃಪೂರ್ಣ ಬಂತು: ಬಸುರಿ, ಬಾಣಂತಿಯರು ಮಧ್ಯಾಹ್ನ ಅಂಗನವಾಡಿಗೆ ಬಂದು ಅಲ್ಲೇ ಕೂತು ಬಿಸಿಯೂಟ ಮಾಡಬೇಕು, ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಚಿಕ್ಕಿ. ಈ ‘ಅಲ್ಲೇ ಕೂತು’ ಎಂಬ ಮಾತಿನ ಹಿಂದೆ ನಮ್ಮ ಮನೆಗಳನ್ನು ಚೆನ್ನಾಗಿ ಬಲ್ಲವರ ತಿಳಿವಳಿಕೆ ಇತ್ತು. ಪೊಟ್ಟಣ ಕಟ್ಟಿ ಮನೆಗೆ ಕೊಟ್ಟರೆ ಮೊಟ್ಟೆ ಹಿರಿ ಮಗನ ತಟ್ಟೆಗೆ ಹೋಗುತ್ತದೆ, ಹಾಲು ಎಲ್ಲರ ಟೀಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ನಾವು ಏನು ಮಾಡಿದೆವು? ‘ನಮ್ಮ ಮನೆ ಸೊಸೆ ಬೀದಿಯಲ್ಲಿ ನಡೆದುಕೊಂಡು ಹೋಗಿ ಸರಕಾರದ ಅನ್ನ ಉಣ್ಣಬೇಕೇ?’ ಎಂದೆವು. ಅಡುಗೆ ಮಾಡಿದವಳ ಜಾತಿ ಕೇಳಿದ ಮನೆಗಳೂ ಇವೆ. ಮಾನ ಉಳಿಯಿತು ಎಂದುಕೊಂಡೆವು. ಹೊಟ್ಟೆಯಲ್ಲಿದ್ದ ಮಗುವಿಗೆ ಮಾನ ಯಾವುದು, ಮೊಟ್ಟೆ ಯಾವುದು? ಅತ್ತೆಯಂದಿರೇ, ನಿಮ್ಮ ಸೊಸೆಯ ಕೈ ಹಿಡಿದುಕೊಂಡು ನೀವೇ ಅಂಗನವಾಡಿಗೆ ಕರೆದುಕೊಂಡು ಹೋಗಿ. ಪಕ್ಕದಲ್ಲಿ ಕೂತು ಉಣ್ಣಿಸಿ. ಊರಿನ ಬಾಯಿ ತಾನಾಗಿ ಮುಚ್ಚುತ್ತದೆ.

ಪೇಟೆಯಲ್ಲಿ ಇದೆಲ್ಲ ಇಲ್ಲ ಎಂದುಕೊಳ್ಳುವವರಿಗೂ ಒಂದು ಮಾತು. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವ ಹೆಂಗಸು ಬೆಳಿಗ್ಗೆ ಐದಕ್ಕೆ ಎದ್ದು ಗಂಡನಿಗೆ, ಮಕ್ಕಳಿಗೆ ಡಬ್ಬಿ ಕಟ್ಟುತ್ತಾಳೆ. ತನ್ನ ಡಬ್ಬಿಗೆ ಉಳಿದ ಚಿತ್ರಾನ್ನ ತುಂಬಿಕೊಂಡು, ಒಂದು ಲೋಟ ಟೀ ಕುಡಿದು ಬಸ್ಸಿಗೆ ಓಡುತ್ತಾಳೆ. ಆ ಡಬ್ಬಿಯಲ್ಲಿ ಕಾಳಿಲ್ಲ, ಸೊಪ್ಪಿಲ್ಲ. ಅಕ್ಕಿ, ಎಣ್ಣೆ, ಅರಿಶಿನ. ಹಸಿವು ಕೊಲ್ಲಲು ನಡುನಡುವೆ ಟೀ. ಊಟದ ಜೊತೆಗೆ, ಊಟವಾದ ಕೂಡಲೇ ಕುಡಿದ ಟೀ ಕಾಫಿ ತಿಂದ ಅಷ್ಟಿಷ್ಟು ಕಬ್ಬಿಣವನ್ನೂ ಮೈಗೆ ಸೇರಲು ಬಿಡುವುದಿಲ್ಲ. ಒಂದು ಗಂಟೆಯಾದರೂ ಅಂತರ ಬೇಕು. ಇವಳ ಮೇಲೆ ವಾರದ ಒಪ್ಪತ್ತು, ಹಬ್ಬದ ಉಪವಾಸ ಬೇರೆ, ಅದೂ ಗಂಡ ಮಕ್ಕಳು ಚೆನ್ನಾಗಿರಲಿ ಎಂದು. ತಾಯಂದಿರೇ, ನಿಮ್ಮ ಭಕ್ತಿಯ ಮುಂದೆ ನಾನು ಕೈ ಮುಗಿಯುತ್ತೇನೆ. ಆದರೆ ಮೈಯಲ್ಲಿ ರಕ್ತ ಕಮ್ಮಿ ಇರುವಾಗ ಹೊಟ್ಟೆ ಕಟ್ಟಿ ಬೇಡಿಕೊಳ್ಳಿ ಎಂದು ಯಾವ ದೇವರೂ ಕೇಳಲಾರ.

‘ತಿನ್ನಬೇಡ ಅಂತ ನಾವ್ಯಾರೂ ಅಂದಿಲ್ಲ’ ಎನ್ನುತ್ತಾರೆ ಗಂಡಸರು. ನಿಜ, ಯಾರೂ ಅಂದಿಲ್ಲ. ಅನ್ನುವ ಅಗತ್ಯವೇ ಬೀಳದ ಹಾಗೆ ಮನೆಯನ್ನು ಕಟ್ಟಿಟ್ಟಿದ್ದೇವೆ. ‘ಅವಳಿಗೇ ಪಲ್ಯ ಅಷ್ಟು ಸೇರಲ್ಲ’ ಎನ್ನುತ್ತಾರೆ. ಸೇರದೆ ಏನು? ಸಿಗದ್ದನ್ನು ಸೇರುವುದಿಲ್ಲ ಎಂದು ಹೇಳಿಕೊಳ್ಳುವುದನ್ನು ಅವಳು ತನ್ನ ತಾಯಿಯಿಂದ ಕಲಿತಿದ್ದಾಳೆ. ‘ಬಡತನ, ಏನು ಮಾಡೋದು’ ಎನ್ನುವವರ ಮಾತಿಗೆ ಮಾತ್ರ ನಾನು ನಿಲ್ಲುತ್ತೇನೆ. ಕಾಳಿನ ಬೆಲೆ, ಹಣ್ಣಿನ ಬೆಲೆ, ಮೊಟ್ಟೆಯ ಬೆಲೆ ಕೂಲಿಯವರ ಕೈಗೆ ಎಟುಕುವುದು ಕಷ್ಟ. ಅದಕ್ಕಾಗಿ ಪಡಿತರದಲ್ಲಿ ಅಕ್ಕಿಯ ಜೊತೆಗೆ ರಾಗಿ, ಜೋಳ, ಬೇಳೆ ಬೇಕೆಂದು ನಾವೆಲ್ಲ ಗಟ್ಟಿಯಾಗಿ ಕೇಳಲೇಬೇಕು. ಆದರೆ ಬಡತನ ಮನೆಗೆ ಬಂದರೆ ಎಲ್ಲರ ತಟ್ಟೆಗೂ ಸಮನಾಗಿ ಬರಬೇಕಲ್ಲ? ಒಬ್ಬಳ ತಟ್ಟೆಯನ್ನೇ ಹುಡುಕಿಕೊಂಡು ಏಕೆ ಬರುತ್ತದೆ?

ಹಾಗಾದರೆ ಇವತ್ತು ರಾತ್ರಿ ಏನು ಮಾಡಬೇಕು ಎಂದು ಹೇಳಿಬಿಡುತ್ತೇನೆ. ಬಡಿಸಲು ಶುರು ಮಾಡುವ ಮುಂಚೆ ಅಡುಗೆ ಮಾಡಿದವಳ ಪಾಲಿನ ಪಲ್ಯ, ಕಾಳು, ತುಂಡು, ಮೊಸರು ಒಂದು ತಟ್ಟೆಗೆ ಎತ್ತಿಡಿ. ದೇವರಿಗೆ ಎಡೆ ಎತ್ತಿಡುವುದಿಲ್ಲವೇ, ಹಾಗೆ. ಎತ್ತಿಟ್ಟದ್ದನ್ನು ಯಾರೂ ಮುಟ್ಟಬೇಡಿ, ‘ಇನ್ನೊಂಚೂರು’ ಎಂದು ಮಗ ಅತ್ತರೂ ಮುಟ್ಟಬೇಡಿ. ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಕೂತುಕೊಳ್ಳಿ. ಬೇಕಾದವರು ಬೇಕಾದ್ದನ್ನು ಹಾಕಿಕೊಳ್ಳಲಿ, ನೀರಿನ ಲೋಟಕ್ಕೆ ಗಂಡಸರು ತಾವೇ ಏಳಲಿ. ಹಿತ್ತಲಲ್ಲಿ ಒಂದು ನುಗ್ಗೆ ಗಿಡ ನೆಡಿ, ಜಾಗವಿದ್ದರೆ ನಿಂಬೆ. ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿಸಿ. ಮೊಳಕೆಯಲ್ಲಿ ಅದರ ಕಬ್ಬಿಣ ಮೈಗೆ ಸುಲಭವಾಗಿ ಹತ್ತುತ್ತದೆ. ಹೆಂಡತಿಯನ್ನು, ಬೆಳೆದ ಮಗಳನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ಎಷ್ಟಿದೆ ನೋಡಿಸಿ. ಹಸುವಿನ ಹಾಲಿನ ಫ್ಯಾಟು ಬಾಯಿಪಾಠವಿರುವವರು ಈ ಒಂದು ಅಂಕಿಯನ್ನೂ ನೆನಪಿಟ್ಟುಕೊಳ್ಳಿ. ಹನ್ನೆರಡಕ್ಕಿಂತ ಕಡಿಮೆ ಇದ್ದರೆ ಡಾಕ್ಟರು ಬರೆದ ಮಾತ್ರೆಯನ್ನು ನೀವೇ ಕೈಗಿಟ್ಟು ನುಂಗಿಸಿ, ಟೀ ಜೊತೆಗೆ ಬೇಡ, ನೀರಿನಲ್ಲಿ.

ಇದನ್ನು ಮೊದಲ ದಿನ ಮಾಡುವಾಗ ಮನೆಯಲ್ಲಿ ಮುಜುಗರವಾಗುತ್ತದೆ. ನಮ್ಮ ಮನೆಯಲ್ಲೂ ಆಯಿತು. ನನ್ನ ಹೆಂಡತಿ ಎರಡು ತುತ್ತಿಗೊಮ್ಮೆ ಎದ್ದು ಒಲೆಯ ಕಡೆ ಹೋಗುತ್ತಿದ್ದಳು, ಏಕೆ ಎದ್ದೆ ಎಂದರೆ ಅವಳಿಗೇ ಗೊತ್ತಿಲ್ಲ. ಕಾಲಿಗೆ ಅಂಟಿಕೊಂಡ ಅಭ್ಯಾಸ. ಅದು ಬಿಡಲು ತಿಂಗಳುಗಳೇ ಹಿಡಿದವು.

ನನ್ನ ಅವ್ವನಿಗೆ ಹೀಗೆ ಎತ್ತಿಡಲು ನನಗೆ ಇನ್ನು ಆಗುವುದಿಲ್ಲ. ನಿಮ್ಮ ತಾಯಿ ಇದ್ದಾರೆ ಅಲ್ಲವೇ? ಊರಲ್ಲಿ ಇರಬಹುದು, ಅಣ್ಣನ ಮನೆಯಲ್ಲಿರಬಹುದು. ಇವತ್ತು ಫೋನು ಮಾಡಿ. ‘ಊಟ ಆಯ್ತಾ?’ ಎಂದು ನಾವು ಕನ್ನಡಿಗರು ಎಲ್ಲರನ್ನೂ ಕೇಳುತ್ತೇವೆ, ಅದಕ್ಕೆ ‘ಆಯ್ತು’ ಎಂಬ ಒಂದೇ ಉತ್ತರ. ಅದನ್ನು ಬಿಟ್ಟು, ‘ಏನು ಉಂಡೆ ಅವ್ವಾ? ಪಲ್ಯ ಉಳಿದಿತ್ತಾ? ಎಷ್ಟು ಹಾಕ್ಕೊಂಡೆ?’ ಎಂದು ಕೇಳಿ. ‘ನನ್ನದೇನು ಬಿಡಪ್ಪ, ನಿಂದಾಯ್ತಾ?’ ಎಂದು ಮಾತು ತಿರುಗಿಸುತ್ತಾರೆ. ಆಗ ಫೋನು ಇಡಬೇಡಿ. ಇನ್ನೊಂದು ಸಲ ಕೇಳಿ.